ಅಪ್ಪನಿಗೆ ಮೆನಿಂಜೈಟಿಸ್ (ಮಿದುಳನ್ನು ಸುತ್ತಿರುವ ಪೊರೆಗಳ ಸೋಂಕು). ಜ್ವರ ಇಳಿದಿದೆ, ರಕ್ತ ಪರೀಕ್ಷೆ ನಾರ್ಮಲ್. ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಕೊಡಬಹುದಾ?

ಬೇಡ. ಇದೇ ಪ್ರಶ್ನೆಯನ್ನು ನಾವೂ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೇಳಿದ್ದೆವು. ಮಲಗಿದ್ದವ ನನ್ನ ತಮ್ಮ.

ನಾವು ಶಿರಸಿ ಕಡೆಯವರು. ಅಡಿಕೆ ಕೊನೆಕೊಯ್ಲಿನ ಹೊತ್ತು, ಮನೆಯಲ್ಲಿ ಆಯಿ ಒಬ್ಬರೇ. ತಮ್ಮನಿಗೆ ಜ್ವರ, ವಿಪರೀತ ತಲೆನೋವು, ಕುತ್ತಿಗೆ ಬಗ್ಗಿಸಲಿಕ್ಕೇ ಆಗುತ್ತಿರಲಿಲ್ಲ. ಬೆನ್ನಿಗೆ ಸೂಜಿ ಹಾಕಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರು ತೆಗೆದರು. ತಿಳಿಯಾಗಿರಬೇಕಾದದ್ದು ಅಕ್ಕಿ ತೊಳೆದ ನೀರಿನ ಹಾಗಿತ್ತು. ಬ್ಯಾಕ್ಟೀರಿಯಾದಿಂದ ಬಂದ ಮೆನಿಂಜೈಟಿಸ್ ಅಂದರು, ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದರು. ಜ್ವರ ಬೇಗ ಇಳಿಯಿತು. ಗಂಜಿ ಉಂಡ, ಮೊಬೈಲ್ ನೋಡತೊಡಗಿದ. ರಕ್ತದ ರಿಪೋರ್ಟೂ ಚೆನ್ನಾಗಿ ಬಂತು. ಇನ್ನು ಇಲ್ಲೇನು ಕೆಲಸ ಅಂತ ಹಟ ಹಿಡಿದೆವು. ಡಾಕ್ಟರ್ ಬೇಡವೆಂದರೂ ಸಹಿ ಹಾಕಿ ಊರಿಗೆ ಕರೆತಂದೆವು, ಬೇರೆ ಕಡೆ ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಮಾತ್ರೆ ಬರೆಸಿಕೊಂಡೆವು.

ರಕ್ತಕ್ಕೆ ಸೇರಿದ್ದೆಲ್ಲ ಮಿದುಳಿನ ನೀರಿಗೂ ಸೇರುತ್ತದೆ ಅಂದುಕೊಂಡದ್ದೇ ನಾವು ಮಾಡಿದ ತಪ್ಪು. ಆ ನೀರು ಹೆಚ್ಚಾಗಿ ತಯಾರಾಗುವುದು ಮಿದುಳಿನ ಒಳಗೆ ಕೋರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲಿನಲ್ಲಿ. ದಿನಕ್ಕೆ ಸುಮಾರು 500 ಮಿ.ಲೀ. ಆಗುತ್ತದೆ, ಒಂದು ಹೊತ್ತಿಗೆ ಇರುವುದು 150 ಮಿ.ಲೀ. ಆಸುಪಾಸು. ಗೊಂಚಲಿನ ಮೇಲಿನ ಜೀವಕೋಶಗಳು ಸಂದಿಲ್ಲದಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸುಮ್ನೆ ಸೋರಿ ಬರಲು ದಾರಿ ಇಲ್ಲ. ಕೊಬ್ಬಿನಲ್ಲಿ ಕರಗುವ ಸಣ್ಣ ವಸ್ತುಗಳು ಸಲೀಸಾಗಿ ದಾಟುತ್ತವೆ. ಸಕ್ಕರೆಯನ್ನು ದಾಟಿಸಲಿಕ್ಕೆಂದೇ ಪ್ರೋಟೀನ್‌ಗಳಿವೆ, ಆದರೂ ಅಲ್ಲಿ ಸಿಗುವುದು ರಕ್ತದಲ್ಲಿರುವುದರ ಸುಮಾರು ಮೂರನೇ ಎರಡು ಪಾಲು. ಪೆನಿಸಿಲಿನ್ ಒಳಗೆ ನುಸುಳಿದರೂ ಇದೇ ಜೀವಕೋಶಗಳು ಹಿಡಿದು ರಕ್ತಕ್ಕೆ ವಾಪಸ್ ಕಳಿಸುತ್ತವೆ.

ಹಾಗಾದರೆ ಇಂಜೆಕ್ಷನ್ ಹೇಗೆ ಕೆಲಸ ಮಾಡಿತು? ಸೋಂಕಿನಿಂದ ಪೊರೆಗಳು ಊದಿಕೊಂಡಾಗ ಆ ತಡೆ ಸಡಿಲವಾಗುತ್ತದೆ. ನಿಮ್ಮಪ್ಪನ ಬೆನ್ನುನೀರಿನ ರಿಪೋರ್ಟ್ ತೆಗೆದು ನೋಡಿ, ಪ್ರೋಟೀನ್ ಜಾಸ್ತಿ ಇದ್ದೀತು. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಡೆಸಿಲೀಟರಿಗೆ 15ರಿಂದ 45 ಮಿ.ಗ್ರಾಂ. ರಕ್ತದ ಪ್ರೋಟೀನ್ ನುಗ್ಗುವ ದಾರಿಯಲ್ಲೇ ಔಷಧಿಯೂ ನುಗ್ಗುತ್ತದೆ. ಊತ ಇಳಿದ ಹಾಗೆ ತಡೆ ಮತ್ತೆ ಬಿಗಿಯಾಗುತ್ತದೆ, ಒಳಗೆ ಹೋಗುವ ಔಷಧಿ ಕಡಿಮೆಯಾಗುತ್ತದೆ. ಹಾಗಾಗಿ ರೋಗಿ ಚೇತರಿಸಿಕೊಳ್ಳುವಾಗಲೂ ಪೂರ್ತಿ ಡೋಸ್ ಬೇಕು. ನಾವು ಸರಿಯಾಗಿ ಆ ಹೊತ್ತಿಗೇ ಮಾತ್ರೆಗೆ ಇಳಿದೆವು. ಆ ಮಾತ್ರೆಯಿಂದ ರಕ್ತಕ್ಕೆ ಸೇರುವುದೇ ಕಡಿಮೆ, ಮಿದುಳಿನ ನೀರಿಗೆ ಸಾಲುವಷ್ಟು ಎಲ್ಲಿಂದ ಬರಬೇಕು?

ಜ್ವರ ಮರಳಿತು. ತಮ್ಮ ಅಸಂಬದ್ಧ ಮಾತಾಡತೊಡಗಿದ. ರಾತ್ರಿಯೇ ಮುಂಡಗೋಡ ಮೇಲೆ ಮತ್ತೆ ಹುಬ್ಬಳ್ಳಿಗೆ ಓಡಿದೆವು. ಪುನಃ ಸೂಜಿ, ಪುನಃ ಮೊದಲಿಂದ ಇಂಜೆಕ್ಷನ್. ಜೀವ ಉಳಿಯಿತು, ಎಡಗಿವಿ ಹೋಯಿತು. ಮೊದಲನೇ ಸಲಕ್ಕೇ ಹೋಗಿತ್ತೋ, ಎರಡನೆಯದಕ್ಕೋ ಹೇಳಲಾಗದು ಅಂದರು ಡಾಕ್ಟರ್. ಆಯಿ ಈಗಲೂ ಅವನ ಬಲಗಡೆಗೇ ಬಂದು ಕೂತು ಮಾತಾಡುತ್ತಾರೆ.

ರಕ್ತ ಪರೀಕ್ಷೆ ನಾರ್ಮಲ್ ಅಂತೀರಲ್ಲ, ಅದು ರಕ್ತದ ಮಾತು. ಅದನ್ನು ಹಿಡಿದುಕೊಂಡು ವಾದ ಮಾಡಬೇಡಿ. ಯಾವ ಬ್ಯಾಕ್ಟೀರಿಯಾ, ಒಟ್ಟು ಎಷ್ಟು ದಿನದ ಕೋರ್ಸ್ ಅಂತ ಡಾಕ್ಟರನ್ನು ಕೇಳಿ. ನ್ಯೂಮೋಕಾಕಸ್ ಆದರೆ ಸಾಮಾನ್ಯವಾಗಿ 10ರಿಂದ 14 ದಿನ ಕೊಡುತ್ತಾರೆ. ಖರ್ಚಿನ ಚಿಂತೆ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ, ಉಳಿದ ಇಂಜೆಕ್ಷನ್‌ಗಳನ್ನು ಊರ ಹತ್ತಿರದ ಆಸ್ಪತ್ರೆಯಲ್ಲಿ ಕೊಡಿಸಲು ಆಗುತ್ತದಾ ಅಂತ ಅವರೇ ನೋಡಲಿ. ಡಿಸ್ಚಾರ್ಜ್‌ಗೆ ಮೊದಲು ಅಪ್ಪನ ಎರಡೂ ಕಿವಿ ಪರೀಕ್ಷೆ ಮಾಡಿಸಿ. ನಮಗೆ ಯಾರೂ ಹೇಳಿರಲಿಲ್ಲ.