ಪೋಕರ್‌ಗೆ ಹೊಸಬರು ಆನ್‌ಲೈನ್ ರೂಮ್ ಆರಿಸುವಾಗ ಏನು ನೋಡಬೇಕು?

ನೀವು ಕೇಳಿರುವುದು ಇಷ್ಟು: ಕೆಲಸದ ಮೇಲೆ ನ್ಯೂ ಜೆರ್ಸಿಗೆ ಬಂದಿದ್ದೀರಿ, ರಮ್ಮಿ ಚೆನ್ನಾಗಿ ಗೊತ್ತು, ಪೋಕರ್ ಹೊಸದು. ಯಾವ ಆನ್‌ಲೈನ್ ರೂಮ್ (ಹಣಕ್ಕೆ ಪೋಕರ್ ಆಡಿಸುವ ಸೈಟ್) ಹೆಚ್ಚು ಬೋನಸ್ ಕೊಡುತ್ತದೆ, ಮೈಸೂರಿನಲ್ಲಿರುವ ತಮ್ಮನೂ ಸೇರಬಹುದೇ? ನಾನೂ ಇದೇ ರಾಜ್ಯದಲ್ಲಿದ್ದು ಸಣ್ಣ ಪಣದ ಟೇಬಲ್‌ಗಳಲ್ಲಿ ಆಡುವವನು. ಬೋನಸ್ಸನ್ನು ಎಲ್ಲಕ್ಕಿಂತ ಕೊನೆಗೆ ನೋಡಿ ಎನ್ನುವುದು ನನ್ನ ಸಲಹೆ. ಮೊದಲು ನೋಡಬೇಕಾದದ್ದು, ಹಾಕಿದ ಹಣ ಯಾರ ವಶದಲ್ಲಿರುತ್ತದೆ ಮತ್ತು ಕೇಳಿದಾಗ ಅದು ವಾಪಸು ಬರುತ್ತದೆಯೇ ಎನ್ನುವುದನ್ನು.

ಹೀಗೆ ಹೇಳಲು ಕಾರಣ 2011. ಆ ವರ್ಷದ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಅಬ್ಸಲ್ಯೂಟ್ ಪೋಕರ್ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿ ಅವುಗಳ ವೆಬ್ ವಿಳಾಸಗಳನ್ನು ವಶಕ್ಕೆ ತೆಗೆದುಕೊಂಡಿತು. ಪೋಕರ್ ಆಡುವವರು ಆ ದಿನವನ್ನು ಈಗಲೂ ‘ಬ್ಲ್ಯಾಕ್ ಫ್ರೈಡೇ’ ಎಂದೇ ಕರೆಯುತ್ತಾರೆ. ಪೋಕರ್‌ಸ್ಟಾರ್ಸ್ ಅಮೆರಿಕದ ಆಟಗಾರರ ಹಣವನ್ನು ಬೇಗನೆ ಹಿಂತಿರುಗಿಸಿತು. ಫುಲ್ ಟಿಲ್ಟ್‌ಗೆ ಅದು ಆಗಲಿಲ್ಲ. ಜಗತ್ತಿನ ಆಟಗಾರರಿಗೆ ಅದು ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಟಿವಿಯ ಪಂದ್ಯಗಳಲ್ಲಿ ಕಾಣುತ್ತಿದ್ದ ಹೆಸರಾಂತ ಆಟಗಾರರೇ ಅದರ ಒಡೆಯರಾಗಿದ್ದರು, ಜಾಹೀರಾತಿನಲ್ಲೂ ಅವರೇ ಇದ್ದರು. ಉಳಿದ ಹಣ ಆಟಗಾರರ ಪರದೆಯ ಮೇಲೆ ಅಂಕಿಯಾಗಿ ಮಾತ್ರ ಇತ್ತು. 2012ರಲ್ಲಿ ಪೋಕರ್‌ಸ್ಟಾರ್ಸ್ ಸರ್ಕಾರದೊಡನೆ ರಾಜಿ ಮಾಡಿಕೊಂಡು ಫುಲ್ ಟಿಲ್ಟನ್ನು ಕೊಂಡುಕೊಂಡಿತು. ಅಮೆರಿಕದ ಆಟಗಾರರಿಗೆ ಹಣ ಬರಲು ಶುರುವಾದದ್ದು 2014ರಲ್ಲಿ.

ನ್ಯೂ ಜೆರ್ಸಿ ಆನ್‌ಲೈನ್ ಜೂಜಿಗೆ ಅನುಮತಿ ಕೊಟ್ಟದ್ದು 2013ರಲ್ಲಿ, ಈ ಪೆಟ್ಟಿನ ನೆನಪು ಹಸಿಯಾಗಿರುವಾಗಲೇ. ಆಟಗಾರರ ಹಣವನ್ನು ಕಂಪನಿಯ ಖರ್ಚಿನ ಖಾತೆಯೊಂದಿಗೆ ಬೆರೆಸದೆ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕೆಂಬ ನಿಯಮ ಇಲ್ಲಿದೆ. ಪರವಾನಗಿ ಪಡೆದ ಸೈಟುಗಳ ಪಟ್ಟಿಯನ್ನು ರಾಜ್ಯದ ಗೇಮಿಂಗ್ ಎನ್‌ಫೋರ್ಸ್‌ಮೆಂಟ್ ವಿಭಾಗ ತನ್ನ ವೆಬ್‌ಸೈಟಿನಲ್ಲೇ ಪ್ರಕಟಿಸುತ್ತದೆ. ನಿಮಗೆ ಯಾರಾದರೂ ಹೇಳಿದ ರೂಮ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದರ ವಿಚಾರ ಅಲ್ಲಿಗೇ ಬಿಡಿ. ದೂರದ ದ್ವೀಪಗಳಿಂದ ನಡೆಯುವ ರೂಮ್‌ಗಳೂ ಅಮೆರಿಕದವರನ್ನು ಸೇರಿಸಿಕೊಳ್ಳುತ್ತವೆ, ಬೋನಸ್ ಕೂಡ ಧಾರಾಳವಾಗಿ ತೋರಿಸುತ್ತವೆ. ತಕರಾರು ಬಂದ ದಿನ ದೂರು ಕೊಡಲು ಇಲ್ಲಿ ಕಚೇರಿಯೇ ಇರುವುದಿಲ್ಲ.

ಪಟ್ಟಿಯಲ್ಲಿರುವ ರೂಮನ್ನೂ ಪರೀಕ್ಷೆ ಮಾಡದೆ ನಂಬಬೇಡಿ. ಪರೀಕ್ಷೆ ಸುಲಭ. ಸಣ್ಣ ಮೊತ್ತ ಹಾಕಿ, ಒಂದೆರಡು ಸಂಜೆ ಆಡಿ, ಎರಡನೆಯ ಸಲ ಹಣ ಹಾಕುವ ಮೊದಲು ಸ್ವಲ್ಪ ಹಣ ವಾಪಸು ಕೇಳಿ. ಎಷ್ಟು ದಿನ ಹಿಡಿಯಿತು, ಯಾವ ದಾಖಲೆ ಕೇಳಿದರು, ಸಹಾಯವಾಣಿಯವರು ಮನುಷ್ಯರಂತೆ ಉತ್ತರಿಸಿದರೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಹೊಸದಾಗಿ ಅಮೆರಿಕಕ್ಕೆ ಬಂದವರಿಗೆ ಇನ್ನೊಂದು ತೊಡಕಿದೆ. ನಿಮ್ಮ ಹೆಸರು, ವಿಳಾಸ ಇಲ್ಲಿನ ದಾಖಲೆಗಳಲ್ಲಿ ಇನ್ನೂ ಸರಿಯಾಗಿ ಕೂತಿರುವುದಿಲ್ಲ. ಖಾತೆ ತೆರೆಯುವಾಗ ಗುರುತಿನ ತಪಾಸಣೆ ಅಡ್ಡಬಿದ್ದು ಪಾಸ್‌ಪೋರ್ಟ್, ಮನೆಯ ಬಾಡಿಗೆ ಕರಾರು ಎಂದೆಲ್ಲ ಕೇಳಬಹುದು. ಹಣ ಹಾಕುವುದಕ್ಕೆ ಮೊದಲೇ ಅದನ್ನು ಮುಗಿಸಿಕೊಳ್ಳಿ. ವಯಸ್ಸು 21 ತುಂಬಿರಬೇಕು, ಆಡುವಾಗ ನೀವು ಎಲ್ಲಿದ್ದೀರಿ ಎಂಬುದನ್ನು ಆಪ್ ಪತ್ತೆ ಮಾಡುತ್ತದೆ. ಡೆಲವೇರ್ ನದಿ ದಾಟಿ ಪಕ್ಕದ ರಾಜ್ಯದ ಫಿಲಡೆಲ್ಫಿಯಾಕ್ಕೆ ಹೋದರೆ ಅಲ್ಲಿನ ಪರವಾನಗಿಯೂ ನಿಯಮವೂ ಬೇರೆ.

ಇನ್ನು ರೇಕ್. ರಮ್ಮಿ ಬಲ್ಲವರಿಗೂ ಹೊಸಬರಿಗೂ ಹೆಚ್ಚು ಏಟು ಕೊಡುವುದು ಇದೇ, ಮತ್ತು ಇದರ ಬಗ್ಗೆ ಯಾರೂ ಕೇಳುವುದಿಲ್ಲ. ಪೋಕರ್‌ನಲ್ಲಿ ರೂಮ್ ನಿಮ್ಮ ಎದುರಾಳಿಯಲ್ಲ. ನೀವು ಆಡುವುದು ಬೇರೆ ಆಟಗಾರರ ವಿರುದ್ಧ. ಟೇಬಲ್ ಹಾಕಿಕೊಟ್ಟದ್ದಕ್ಕೆ ರೂಮ್ ಪ್ರತಿ ಪಾಟ್‌ನಿಂದ, ಅಂದರೆ ಆ ಆಟದಲ್ಲಿ ಎಲ್ಲರೂ ಕಟ್ಟಿದ ಹಣದಿಂದ, ಒಂದಿಷ್ಟು ಮುರಿದುಕೊಳ್ಳುತ್ತದೆ. ಅದೇ ರೇಕ್. ಸಾಮಾನ್ಯವಾಗಿ ಅದು ಶೇ 5ರ ಆಸುಪಾಸು, ಜೊತೆಗೆ ಒಂದು ಗರಿಷ್ಠ ಮಿತಿ. ಕೇಳಲು ಎಲ್ಲರಿಗೂ ಸಮಾನವಾದ ನಿಯಮ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಬಿಗ್ ಬ್ಲೈಂಡ್ (ಎಲೆ ಹಂಚುವ ಮೊದಲೇ ಒಬ್ಬರು ಕಡ್ಡಾಯವಾಗಿ ಕಟ್ಟುವ ಪಣ) 10 ಸೆಂಟ್ ಇರುವ ಟೇಬಲ್‌ನಲ್ಲಿ 4 ಡಾಲರ್ ಪಾಟ್ ಆಯಿತು ಎನ್ನಿ. ಶೇ 5 ಎಂದರೆ 20 ಸೆಂಟ್, ಅಂದರೆ ಎರಡು ಬಿಗ್ ಬ್ಲೈಂಡ್. ಬಿಗ್ ಬ್ಲೈಂಡ್ 10 ಡಾಲರ್ ಇರುವ ಟೇಬಲ್‌ನಲ್ಲಿ ಅದೇ ಅಳತೆಯ ಪಾಟ್ 400 ಡಾಲರ್. ಮಿತಿ 4 ಡಾಲರ್ ಎಂದಿಟ್ಟುಕೊಂಡರೆ ಮುರಿದುಕೊಳ್ಳುವುದು ಒಂದು ಬಿಗ್ ಬ್ಲೈಂಡಿನ ಅರ್ಧವೂ ಅಲ್ಲ. ಪಣಕ್ಕೆ ಹೋಲಿಸಿದರೆ ಸಣ್ಣ ಟೇಬಲ್‌ನವನೇ ಹೆಚ್ಚು ತೆರುತ್ತಾನೆ. ಎದುರಾಳಿಗಳನ್ನು ಸ್ವಲ್ಪ ಮೀರಿಸುವಷ್ಟು ಆಡಿದರೆ ಅಲ್ಲಿ ಸಾಲದು, ಅವರನ್ನೂ ಮೀರಿಸಬೇಕು, ರೇಕನ್ನೂ ಮೀರಿಸಬೇಕು. ಹೀಗಾಗಿ ಎರಡು ರೂಮ್‌ಗಳನ್ನು ಹೋಲಿಸುವಾಗ ‘ಶೇ 5’ ಎಂಬ ಸಾಲನ್ನು ಬಿಟ್ಟು, ನೀವು ಕೂರುವ ಪಣದಲ್ಲಿ, ನೀವು ಕೂರುವಷ್ಟು ಜನರ ಟೇಬಲ್‌ನಲ್ಲಿ ಮಿತಿ ಎಷ್ಟು ಎಂಬ ಸಾಲನ್ನು ಹುಡುಕಿ. ಟೂರ್ನಮೆಂಟ್ ಆದರೆ ಪ್ರವೇಶ ಶುಲ್ಕದಲ್ಲಿ ಎಷ್ಟು ಭಾಗ ಬಹುಮಾನಕ್ಕೆ ಹೋಗುತ್ತದೆ, ಎಷ್ಟು ರೂಮಿಗೆ ಎಂಬುದು ಅಲ್ಲೇ ಬರೆದಿರುತ್ತದೆ. ಹೊಸಬರಿಗೆ ಸಣ್ಣ ಟೂರ್ನಮೆಂಟುಗಳೇ ವಾಸಿ ಎಂಬುದು ನನ್ನ ಅಭಿಪ್ರಾಯ. ಆ ಸಂಜೆ ಎಷ್ಟು ಕಳೆದುಕೊಳ್ಳಬಹುದು ಎಂಬುದು ಆಟಕ್ಕೆ ಕೂರುವ ಮೊದಲೇ ಗೊತ್ತಿರುತ್ತದೆ.

ಟೇಬಲ್‌ಗಳಲ್ಲಿ ಜನ ಇದ್ದಾರೆಯೇ ಎಂಬುದನ್ನು ನೀವು ನಿಜವಾಗಿ ಆಡುವ ಹೊತ್ತಿನಲ್ಲಿ ನೋಡಿ. ಒಂದು ರಾಜ್ಯದ ಆಟಗಾರರಷ್ಟೇ ಸೇರಿದರೆ ರೂಮ್ ಖಾಲಿ ಹೊಡೆಯುತ್ತದೆ. ಅದಕ್ಕಾಗಿಯೇ ಆಟಗಾರರನ್ನು ಒಂದೇ ಟೇಬಲ್‌ಗೆ ಸೇರಿಸಲು ನೆವಾಡ, ಡೆಲವೇರ್ ರಾಜ್ಯಗಳು ಮಾಡಿಕೊಂಡಿದ್ದ ಒಪ್ಪಂದಕ್ಕೆ ನ್ಯೂ ಜೆರ್ಸಿ 2017ರಲ್ಲಿ ಸೇರಿತು, 2022ರಲ್ಲಿ ಮಿಷಿಗನ್ ಬಂತು. ಆದರೆ ರಾಜ್ಯಗಳು ಒಪ್ಪಿದ ಮಾತ್ರಕ್ಕೆ ಎಲ್ಲ ರೂಮ್‌ಗಳೂ ಟೇಬಲ್ ಒಂದುಗೂಡಿಸಿರುತ್ತವೆ ಎಂದಲ್ಲ. ಹಣ ಹಾಕದೆಯೂ ಲಾಬಿಯನ್ನು, ಅಂದರೆ ಟೇಬಲ್‌ಗಳ ಪಟ್ಟಿಯ ಪುಟವನ್ನು, ತೆರೆದು ನೋಡಬಹುದು. ಕೆಲವು ಲಾಬಿಗಳಲ್ಲಿ ಪ್ರತಿ ಟೇಬಲ್‌ನ ಎದುರು ಶೇಕಡಾ ಎಷ್ಟು ಆಟಗಾರರು ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ತೆರೆಯುವ ಮೊದಲ ಮೂರು ಎಲೆ) ನೋಡುತ್ತಿದ್ದಾರೆ ಎಂಬ ಅಂಕಿ ಇರುತ್ತದೆ. ಅದು ದೊಡ್ಡದಿದ್ದರೆ ಆ ಟೇಬಲ್‌ನಲ್ಲಿರುವುದು ಎಲೆ ಬಿಟ್ಟು ಹಿಂದೆ ಸರಿಯಲು ಮನಸ್ಸಿಲ್ಲದ, ಖುಷಿಗೆ ಆಡುವ ಜನ. ತೀರಾ ಚಿಕ್ಕದಿದ್ದರೆ ಸಂಬಳದ ಕೆಲಸದಂತೆ ಕೂತು ಆಡುವವರು ನಿಮ್ಮನ್ನೇ ಕಾಯುತ್ತಿದ್ದಾರೆ.

ಎಲೆಗಳನ್ನು ನ್ಯಾಯವಾಗಿ ಕಲಸುತ್ತಾರೆಯೇ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ, ವಿಶೇಷವಾಗಿ ಸೋತ ರಾತ್ರಿ. ಪೂರ್ತಿ ಆಧಾರವಿಲ್ಲದ ಅನುಮಾನವೇನಲ್ಲ. 1999ರಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ತನ್ನ ಆಟ ಪ್ರಾಮಾಣಿಕ ಎಂದು ತೋರಿಸಲು ಕಲಸುವ ವಿಧಾನವನ್ನೇ ಪ್ರಕಟಿಸಿತು. ಅದು ಕಂಪ್ಯೂಟರಿನ ಗಡಿಯಾರವನ್ನು ಆಧಾರವಾಗಿ ಇಟ್ಟುಕೊಂಡಿತ್ತು. ಒಂದು ದಿನಕ್ಕಿರುವುದು 8.64 ಕೋಟಿ ಮಿಲಿಸೆಕೆಂಡ್, ಆದ್ದರಿಂದ ಬರಬಹುದಾದ ಕಟ್ಟುಗಳೂ, ಅಂದರೆ ಎಲೆಗಳ ಜೋಡಣೆಗಳೂ, ಅಷ್ಟೇ. ಸರ್ವರಿನ ಗಡಿಯಾರಕ್ಕೆ ತಮ್ಮ ಗಡಿಯಾರ ಹೊಂದಿಸಿಕೊಂಡ ತಜ್ಞರು ಕಾಣುವ ಐದು ಎಲೆಗಳಿಂದಲೇ ಉಳಿದೆಲ್ಲ ಎಲೆಗಳನ್ನು ಹೇಳಿಬಿಟ್ಟರು. ಇಂದು ಪರವಾನಗಿ ಕೊಡುವ ಮೊದಲು ಇಂಥದ್ದನ್ನು ಪರೀಕ್ಷಿಸುತ್ತಾರೆ. ನನಗೆ ಭಯ ಅದಲ್ಲ, ಒಳಗಿನವರದು. 2007ರಲ್ಲಿ ಅಬ್ಸಲ್ಯೂಟ್ ಪೋಕರ್‌ನ ಒಂದು ಟೂರ್ನಮೆಂಟನ್ನು ‘ಪಾಟ್‌ರಿಪ್ಪರ್’ ಎಂಬ ಹೆಸರಿನವನು ನಂಬಲಾಗದಂತೆ ಆಡಿ ಗೆದ್ದ. ಎರಡನೆಯ ಸ್ಥಾನದವನು ತನ್ನ ಆಟದ ದಾಖಲೆ ಕಳುಹಿಸಿ ಎಂದು ಕೇಳಿದ. ಕಂಪನಿಯವರು ಯಾವುದೋ ಜ್ಞಾನದಲ್ಲಿ ಎಲ್ಲ ಆಟಗಾರರ ಮುಚ್ಚಿದ ಎಲೆಗಳೂ, ಟೇಬಲ್ ನೋಡುತ್ತಿದ್ದವರ ಐಪಿ ವಿಳಾಸಗಳೂ ಇರುವ ಕಡತವನ್ನೇ ಕಳುಹಿಸಿದರು. ಆಟಗಾರರು ಅದನ್ನು ಕೂಲಂಕಷವಾಗಿ ನೋಡಿದಾಗ, ವೀಕ್ಷಕನಾಗಿ ಬಂದ ಒಂದು ಖಾತೆ ಎಲ್ಲರ ಎಲೆಗಳನ್ನು ಕಾಣುತ್ತಿತ್ತು, ಅದರ ಜಾಡು ಕಂಪನಿಯ ಒಳಕ್ಕೇ ಹೋಗುತ್ತಿತ್ತು ಎಂಬುದು ಹೊರಬಿತ್ತು. ಅದರ ಸೋದರ ಸಂಸ್ಥೆ ಅಲ್ಟಿಮೇಟ್‌ಬೆಟ್‌ನಲ್ಲೂ ಇಂಥದ್ದೇ ಮೋಸ ನಡೆದಿತ್ತು. ಹಿಡಿದವರು ಪೊಲೀಸರೂ ಅಲ್ಲ, ಪರವಾನಗಿ ಕೊಟ್ಟವರೂ ಅಲ್ಲ. ದಾಖಲೆ ಕೈಯಲ್ಲಿದ್ದ ಆಟಗಾರರು.

ಆದ್ದರಿಂದ ರೂಮ್‌ನಲ್ಲಿ ನಿಮ್ಮ ಹ್ಯಾಂಡ್ ಹಿಸ್ಟರಿಯನ್ನು, ಅಂದರೆ ಪ್ರತಿ ಆಟದ ಪೂರ್ಣ ದಾಖಲೆಯನ್ನು, ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಬಿಡುತ್ತಾರೆಯೇ ಎಂದು ತಪ್ಪದೆ ನೋಡಿ. ಮೋಸ ಹಿಡಿಯುವುದು ನಿಮಗೆ ಬೇಕಾಗದೆ ಹೋಗಬಹುದು. ಆಟ ಕಲಿಯುವುದಕ್ಕಂತೂ ಅದು ಬೇಕೇ ಬೇಕು.

ಈಗ ಬೋನಸ್. ‘600 ಡಾಲರ್‌ವರೆಗೆ ಶೇ 100’ ಎಂದಿದ್ದರೆ ಆ ಹಣ ನಿಮ್ಮ ಖಾತೆಗೆ ಒಮ್ಮೆಲೇ ಬೀಳುವುದಿಲ್ಲ. ನೀವು ರೇಕ್ ಕಟ್ಟುತ್ತ ಹೋದಂತೆ ಕಂತುಕಂತಾಗಿ, ಅದೂ ಇಂತಿಷ್ಟು ದಿನಗಳ ಒಳಗೆ ಬಿಡುಗಡೆಯಾಗುತ್ತದೆ. 5 ಡಾಲರ್ ರೇಕಿಗೆ 1 ಡಾಲರ್ ಬೋನಸ್ ಎಂಬ ಷರತ್ತಿದ್ದರೆ ಅದು ರೇಕಿನಲ್ಲಿ ಶೇ 20ರ ರಿಯಾಯಿತಿ, ಅಷ್ಟೇ. ಸಣ್ಣ ಪಣದಲ್ಲಿ ವಾರಕ್ಕೆರಡು ಸಂಜೆ ಆಡುವವರಿಗೆ ಅವಧಿ ಮುಗಿಯುವುದರೊಳಗೆ ಅದರ ಒಂದು ಚೂರು ಸಿಕ್ಕರೆ ಹೆಚ್ಚು. ಷರತ್ತು ಪೂರೈಸಲೆಂದು ಪಣ ಏರಿಸಬೇಡಿ. ಖಾತೆ ತೆರೆದ ದಿನವೇ ವಾರಕ್ಕೆ ಇಷ್ಟೇ ಹಣ ಹಾಕಬಹುದು ಎಂಬ ಮಿತಿಯನ್ನು ನೀವೇ ಇಟ್ಟುಕೊಳ್ಳಿ, ಪರವಾನಗಿ ಇರುವ ಎಲ್ಲ ರೂಮ್‌ಗಳಲ್ಲೂ ಆ ಸೌಲಭ್ಯ ಇರಲೇಬೇಕು.

ತಮ್ಮನ ವಿಷಯ ಬೇರೆ. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತ್ತು. ಆ ತೀರ್ಪನ್ನು ಈಗಲೂ ಕೆಲವರು ತೋರಿಸುತ್ತಾರೆ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು, ಕೌಶಲದ ಆಟವಾಗಲಿ ಅದೃಷ್ಟದ ಆಟವಾಗಲಿ ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ. ಆಡುವವರಿಗೆ ಅದರಲ್ಲಿ ಶಿಕ್ಷೆಯಿಲ್ಲ. ಆದರೆ ಬ್ಯಾಂಕುಗಳು ಇಂಥ ಹಣ ಸಾಗಿಸುವಂತಿಲ್ಲ, ಅಲ್ಲಿನ ದೊಡ್ಡ ಪೋಕರ್ ಕಂಪನಿಗಳು ಆಗಲೇ ಹಣದ ಆಟ ನಿಲ್ಲಿಸಿದವು. ಇನ್ನೂ ಯಾವುದಾದರೂ ಆಪ್ ನಿಮ್ಮ ತಮ್ಮನನ್ನು ಹಣ ಹಾಕಿ ಎಂದು ಕರೆಯುತ್ತಿದ್ದರೆ ಅದು ಕಾನೂನಿನ ಆಚೆಗೆ ನಿಂತು ಕರೆಯುತ್ತಿದೆ. ನಿಮ್ಮ ಖಾತೆಯನ್ನು ಅವರಿಗೆ ಕೊಡುವ ಯೋಚನೆಯೂ ಬೇಡ, ಖಾತೆಯನ್ನು ಹಣದ ಸಮೇತ ಮುಟ್ಟುಗೋಲು ಹಾಕಿಕೊಳ್ಳಬಹುದು. ಹಣವಿಲ್ಲದ ಚಿಪ್ಪುಗಳಲ್ಲಿ ಆಡುವುದಕ್ಕೆ ಆ ಕಾಯ್ದೆಯ ಅಡ್ಡಿಯಿಲ್ಲ. ಆದರೆ ಪುಕ್ಕಟೆ ಚಿಪ್ಪಿನ ಟೇಬಲ್‌ನಲ್ಲಿ ಯಾರೂ ಎಲೆ ಬಿಟ್ಟುಕೊಡುವುದಿಲ್ಲ, ಹಾಗಾಗಿ ಅಲ್ಲಿ ಅವರು ಆಟದ ಕ್ರಮವನ್ನು ಕಲಿಯಬಹುದೇ ಹೊರತು ಪೋಕರನ್ನಲ್ಲ.