ಮಗನ ಬ್ಲಡ್ ಕ್ಯಾನ್ಸರ್ ಮರುಕಳಿಸಿದೆ, ಹೆಂಡತಿಗೆ ಏಳು ತಿಂಗಳು. ಹೊಕ್ಕುಳಬಳ್ಳಿ ರಕ್ತಕ್ಕೆ ಯಾವ ಬ್ಯಾಂಕಿನ ಪ್ಯಾಕೇಜ್ ಒಳ್ಳೆಯದು?

ನೀವು ಪಿಂಪ್ರಿಯವರು, ನಾನು ಡೊಂಬಿವಲಿಯವನು. ಊರಿನ ಹೆಸರೊಂದು ಬದಲಿಸಿದರೆ ಇದು ಏಳು ವರ್ಷದ ಹಿಂದಿನ ನನ್ನದೇ ಪ್ರಶ್ನೆ. ಮಗನಿಗೆ ಆಗ ಒಂಬತ್ತು, ಎ.ಎಲ್.ಎಲ್. ಎಂಬ ಬ್ಲಡ್ ಕ್ಯಾನ್ಸರ್ ಎರಡನೇ ಸಲ ಬಂದಿತ್ತು, ಹೆಂಡತಿ ತುಂಬು ಗರ್ಭಿಣಿ. ಬಳ್ಳಿಯ ರಕ್ತದಲ್ಲಿರುವ ಕಾಂಡಕೋಶಗಳನ್ನು ಮಗನಿಗೆ ಕಸಿ ಮಾಡಿಸಿದರೆ ಹೊಸ ಮಜ್ಜೆ ಬೆಳೆಯುತ್ತದೆ ಅಂತ ನಾನೂ ಬ್ಯಾಂಕುಗಳ ಕರಪತ್ರ ಹರಡಿಕೊಂಡು ರೇಟು ಹೋಲಿಸುತ್ತಾ ಕೂತಿದ್ದೆ.

ಮಗಳು ಹುಟ್ಟಿದಳು, ಬಳ್ಳಿಯ ರಕ್ತ ಹಿಡಿದರು. "95 ಎಂ.ಎಲ್. ಬಂದಿದೆ ಸರ್, ಸೂಪರ್ ಕಲೆಕ್ಷನ್" ಅಂತ ಬ್ಯಾಂಕಿನ ಹುಡುಗನ ಫೋನು. ದಾನಿಗೂ ರೋಗಿಗೂ ಕೋಶ ಹೊಂದುತ್ತದೆಯೇ ಅಂತ ನೋಡುವ ಎಚ್.ಎಲ್.ಎ. ಪರೀಕ್ಷೆಯಲ್ಲೂ ಪೂರ್ತಿ ಮ್ಯಾಚ್. ಒಡಹುಟ್ಟಿದವರಲ್ಲಿ ಅದಕ್ಕೆ ನಾಲ್ಕರಲ್ಲೊಂದು ಅವಕಾಶ ಅಷ್ಟೇ, ನಮಗೆ ಒಲಿದಿತ್ತು. ಅಮ್ಮ ಕಟೀಲಿನ ಹರಕೆ ತೀರಿಸಲು ದಿನ ನೋಡತೊಡಗಿದರು.

ನಾನು ಎಡವಿದ್ದು ಇಲ್ಲೇ. ಎಂ.ಎಲ್. ನೋಡಿದೆ, ಕೆ.ಜಿ. ನೋಡಲಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಆ ಚೀಲದಲ್ಲಿ ಮೊದಲೇ ಸಿ.ಪಿ.ಡಿ. ಎಂಬ ದ್ರಾವಣ ಇರುತ್ತದೆ. ನಮ್ಮ ಚೀಲದಲ್ಲಿ ಅದೇ 35 ಎಂ.ಎಲ್. ಅಂದರೆ ಮಗಳಿಂದ ಬಂದ ರಕ್ತ ಬರೀ 60. ಅದೂ ಹೋಗಲಿ. ಕಸಿಗೆ ಲೆಕ್ಕಕ್ಕೆ ಬರುವುದು ರಕ್ತದ ಪ್ರಮಾಣವಲ್ಲ, ಅದರಲ್ಲಿರುವ ಕೋಶಗಳ ಸಂಖ್ಯೆ. ವರದಿಯ ಎರಡನೇ ಪುಟದಲ್ಲಿ ಟಿ.ಎನ್.ಸಿ. ಅಂತ ಒಂದು ಸಾಲು ಇರುತ್ತದೆ, ಕೋಶಕೇಂದ್ರ ಇರುವ ಒಟ್ಟು ಕೋಶಗಳು ಅಂತ ಅರ್ಥ. ನಮ್ಮದು 62 ಕೋಟಿ. ದೊಡ್ಡ ಸಂಖ್ಯೆ ಅನ್ನಿಸುತ್ತದೆ, ಅಲ್ಲವೇ? ರೋಗಿಯ ತೂಕದಿಂದ ಭಾಗಿಸಿ ನೋಡಿ. ಮಗ 32 ಕೆ.ಜಿ. ಇದ್ದ. ಕಿಲೋಗೆ 1.94 ಕೋಟಿ ಬಂತು. ಬೇಕಾದದ್ದು ಕನಿಷ್ಠ ಎರಡೂವರೆ ಕೋಟಿ, ಮೂರು ದಾಟಿದರೆ ವೈದ್ಯರು ನೆಮ್ಮದಿಯಾಗಿರುತ್ತಾರೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತೆಗೆದು ಕರಗಿಸುವಾಗ ಇನ್ನಷ್ಟು ಕೋಶ ಸಾಯುತ್ತವೆ, ಆ ನಷ್ಟ ಬೇರೆ. ಅದೇ ಚೀಲ 15 ಕೆ.ಜಿ. ಮಗುವಿಗಾಗಿದ್ದರೆ ಕಿಲೋಗೆ ನಾಲ್ಕು ಕೋಟಿ ಮೇಲಾಗುತ್ತಿತ್ತು, ಧಾರಾಳ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ತಂಡ ಮಾಡಿದ ಜಗತ್ತಿನ ಮೊದಲ ಬಳ್ಳಿರಕ್ತ ಕಸಿಯೂ ತಂಗಿಯಿಂದ ಅಣ್ಣನಿಗೇ. ಆ ಹುಡುಗನಿಗೆ ಐದೇ ವರ್ಷ, ಕಾಯಿಲೆಯೂ ಕ್ಯಾನ್ಸರ್ ಅಲ್ಲ, ಫ್ಯಾಂಕೋನಿ ಅನೀಮಿಯಾ.

ಕಿಲೋಗೆ ಬೀಳುವ ಕೋಶಗಳ ಈ ಡೋಸ್ ಕಡಿಮೆಯಾದರೆ ಏನಾಗುತ್ತದೆ? ಕಸಿಗೆ ಮೊದಲಿನ ಕೀಮೋ ಮಗುವಿನ ಸ್ವಂತ ಮಜ್ಜೆಯನ್ನು ಗುಡಿಸಿ ಹಾಕಿರುತ್ತದೆ. ಹೊಸದು ಬೇರೂರುವವರೆಗೆ ಬಿಳಿ ರಕ್ತಕಣ ಇಲ್ಲ. ಬಳ್ಳಿರಕ್ತದಲ್ಲಿ, ಡೋಸ್ ಸರಿಯಿದ್ದಾಗಲೂ, ಸೋಂಕು ತಡೆಯುವ ಬಿಳಿಕಣಗಳಾದ ನ್ಯೂಟ್ರೋಫಿಲ್ 500 ಮುಟ್ಟಲು ಮೂರ್ನಾಲ್ಕು ವಾರ ಬೇಕು. ಡೋಸ್ ಕಡಿಮೆಯಾದರೆ ಇನ್ನೂ ತಡ, ಕೆಲವೊಮ್ಮೆ ಬೇರೂರುವುದೇ ಇಲ್ಲ. ಅಷ್ಟರೊಳಗೆ ಸೋಂಕು.

ಚೀಲ ಇದೆಯಲ್ಲ ಅಂತ ನನ್ನ ಎಚ್.ಎಲ್.ಎ. ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ಕಸಿ ವೈದ್ಯರು ವರದಿ ನೋಡಿ "ಇದು ಸಾಲದು" ಅಂದ ಮೇಲೆ ಎಲ್ಲ ಮೊದಲಿಂದ ಶುರು. ಆರು ವಾರ ಹೋಯಿತು. ಕಾಯಿಲೆ ತಡೆದಿಡಲು ಮತ್ತೊಂದು ಸುತ್ತು ಕೀಮೋ, ಅದರಲ್ಲಿ ಶ್ವಾಸಕೋಶಕ್ಕೆ ಫಂಗಸ್. ಕೊನೆಗೆ ದಾನಿಯಾದದ್ದು ಅರ್ಧ ಮ್ಯಾಚಿನ ಅಪ್ಪ, ಅಂದರೆ ನಾನೇ. ಮೊದಲ ದಿನದಿಂದ ಅಲ್ಲೇ ಕೂತಿದ್ದೆ ಮಾರಾಯ್ರೆ.

ಹಾಗಾಗಿ ನೀವು ಕೇಳಿದ ಪ್ರಶ್ನೆಯೇ ಸರಿಯಿಲ್ಲ. ನಿಮಗೆ ರಕ್ತ ಬೇಕಿರುವುದು ಕೆಲವೇ ತಿಂಗಳಲ್ಲಿ, ಅವರು ಮಾರುತ್ತಿರುವುದು 75 ವರ್ಷದ ಕಪಾಟು. ಮುಂದೆಂದಾದರೂ ಸ್ವಂತಕ್ಕೆ ಬೇಕಾದೀತು ಅಂತ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐ.ಸಿ.ಎಂ.ಆರ್. 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಮಕ್ಕಳ ಲ್ಯುಕೇಮಿಯಾದಲ್ಲಿ ಎಷ್ಟೋ ಸಲ ಮೊದಲ ಜೀನ್ ದೋಷ ಹುಟ್ಟುವಾಗಲೇ ಇರುತ್ತದೆ, ಆ ಮಗುವಿನ ಸ್ವಂತ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರಬಹುದು. ನಿಮ್ಮದು ಬೇರೆ ಪರಿಸ್ಥಿತಿ. ದೊಡ್ಡ ಮಗುವಿಗೆ ಈ ಕೋಶಗಳಿಂದ ವಾಸಿಯಾಗುವ ಕಾಯಿಲೆ ಇದ್ದು ತಾಯಿ ಗರ್ಭಿಣಿಯಾಗಿದ್ದರೆ ಸಂಗ್ರಹಿಸಿ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಹಿಡಿಸಿ, ಆದರೆ ಏಜೆಂಟನ ಮಾತಿನ ಮೇಲಲ್ಲ, ಕಸಿ ವೈದ್ಯರ ಚೀಟಿಯ ಮೇಲೆ. ಹೆರಿಗೆ ಡಾಕ್ಟರಿಗೂ ಅವರಿಗೂ ಮೊದಲೇ ಫೋನಿನಲ್ಲಿ ಮಾತಾಡಿಸಿ. ಬಳ್ಳಿಗೆ ಕ್ಲಿಪ್ ಹಾಕಲು ಒಂದರಿಂದ ಮೂರು ನಿಮಿಷ ಕಾಯಬೇಕೆಂಬುದು ಡಬ್ಲ್ಯು.ಎಚ್.ಓ. ಸಲಹೆ. ಕಾದಷ್ಟೂ ಕೂಸಿಗೆ ಕಬ್ಬಿಣಾಂಶ, ಚೀಲಕ್ಕೆ ಕಡಿಮೆ ರಕ್ತ. ಎಷ್ಟು ಕಾಯಬೇಕೆಂದು ಅವರಿಬ್ಬರೇ ತೀರ್ಮಾನಿಸಲಿ, ಲೇಬರ್ ರೂಮಿನ ಬಾಗಿಲಲ್ಲಿ ನಿಂತ ಹುಡುಗನಲ್ಲ. ಹಿಡಿಯುವಾಗ ಚೀಲ ಅಲುಗಾಡಿಸುತ್ತಿರಬೇಕು, ಇಲ್ಲದಿದ್ದರೆ ಹೆಪ್ಪು. 48 ಗಂಟೆಯೊಳಗೆ ಸಂಸ್ಕರಿಸಿ ಅತಿಶೀತದಲ್ಲಿ ಘನೀಕರಿಸಿಡಬೇಕು. ವರದಿಯಲ್ಲಿ ಟಿ.ಎನ್.ಸಿ. ಜೊತೆ ಸಿ.ಡಿ.34 ಅಂದರೆ ರಕ್ತ ಹುಟ್ಟಿಸುವ ಕಾಂಡಕೋಶಗಳ ಸಂಖ್ಯೆ, ಸೋಂಕು ಪರೀಕ್ಷೆ, ಎಚ್.ಎಲ್.ಎ. ಇಷ್ಟನ್ನೂ ಕೇಳಿ ತಗೊಳ್ಳಿ.

ಹೆರಿಗೆಗೆ ಕಾಯದೆ ಈ ವಾರವೇ ನಿಮ್ಮಿಬ್ಬರ ಎಚ್.ಎಲ್.ಎ.ಗೆ ರಕ್ತ ಕೊಡಿ. ಅಪ್ಪ ಅಮ್ಮ ಯಾವಾಗಲೂ ಕನಿಷ್ಠ ಅರ್ಧ ಮ್ಯಾಚ್. ಕಸಿಯಾದ ಮೂರನೇ, ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧಿ ಕೊಟ್ಟು, ರೋಗಿಯ ದೇಹದ ಮೇಲೆ ಎರಗುವ ದಾನಿಯ ಜಗಳಗಂಟಿ ಕೋಶಗಳನ್ನು ಹತ್ತಿಕ್ಕುವ ವಿಧಾನ ಬಂದ ಮೇಲೆ ಅರ್ಧ ಮ್ಯಾಚೂ ಸಾಕಾಗುತ್ತಿದೆ. ಅಮೆರಿಕದಲ್ಲಿ ದೊಡ್ಡವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊರಗಿನವರ ಎರಡು ಚೀಲ ಬಳ್ಳಿರಕ್ತ ಪಡೆದವರಿಗಿಂತ ಅರ್ಧ ಮ್ಯಾಚಿನ ಮಜ್ಜೆ ಪಡೆದವರಲ್ಲಿ ಚಿಕಿತ್ಸೆಯ ತೊಂದರೆಗಳಿಂದಾದ ಸಾವು ಕಡಿಮೆ ಇತ್ತು. ಮಜ್ಜೆಯ ಬದಲು ರಕ್ತದಿಂದಲೇ ಕೋಶ ತೆಗೆಯುವುದಾದರೆ ದಾನಿಗೆ ನಾಲ್ಕೈದು ದಿನ ಇಂಜೆಕ್ಷನ್, ಅದರಿಂದ ಸೊಂಟ ಸೀಳುವಂಥ ನೋವು, ಯಂತ್ರದ ಪಕ್ಕ ನಾಲ್ಕೈದು ಗಂಟೆ. ಅಷ್ಟೇ.

ಇನ್ನೊಂದು. ಪ್ಲೇಟ್‌ಲೆಟ್ ಬೇಕಾದಾಗ ನೀವು, ಹೆಂಡತಿ, ಅಣ್ಣತಮ್ಮಂದಿರು ನೇರವಾಗಿ ಮಗನಿಗೆ ಕೊಡಬೇಡಿ. ಅವನ ದೇಹ ನಿಮ್ಮ ಕೋಶಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡರೆ ಆಮೇಲೆ ನಿಮ್ಮ ಮಜ್ಜೆಯನ್ನೇ ತಿರಸ್ಕರಿಸಬಹುದು. ಬ್ಲಡ್ ಬ್ಯಾಂಕಿಗೆ ಬದಲಿ ರಕ್ತ ಕೊಡಬಹುದು, ಆ ಚೀಲ ಮಾತ್ರ ಅವನಿಗೆ ಏರಬಾರದು.

ನನ್ನ ಮಗ ಈ ವರ್ಷ ಹನ್ನೊಂದನೇ ಕ್ಲಾಸು. ನೀವು ಲೆಕ್ಕ ಹಾಕುವಾಗ ಹಳೇ ಫೈಲಿನ ತೂಕ ಹಿಡಿಯಬೇಡಿ. ಸ್ಟಿರಾಯ್ಡಿನಿಂದ ಮಕ್ಕಳು ತಿಂಗಳೊಪ್ಪತ್ತಿನಲ್ಲಿ ಊದಿಕೊಳ್ಳುತ್ತಾರೆ. ಅವತ್ತೇ ಓಪಿಡಿಯಲ್ಲಿ ತೂಗಿಸಿ, ಚಪ್ಪಲಿ ಬಿಚ್ಚಿಸಿ.