ತೈಲ ಬಾವಿಯ ಕೆಲಸ ಸಿಕ್ಕಿದೆ, ಸೇರಬಹುದಾ?

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕ್ಯಾಂಪಸ್‌ಗೆ ಬಂದ ಒಂದು ಆಯಿಲ್‌ಫೀಲ್ಡ್ ಸರ್ವಿಸ್ ಕಂಪನಿ ಫೀಲ್ಡ್ ಎಂಜಿನಿಯರ್ ಕೆಲಸಕ್ಕೆ ಆಯ್ಕೆ ಮಾಡಿದೆ. ಐಟಿಗೆ ಸೇರುತ್ತಿರುವ ಗೆಳೆಯರಿಗಿಂತ ಸಂಬಳ ಜಾಸ್ತಿ. ಅಪ್ಪನಿಗೆ ಖುಷಿ, ಅಮ್ಮನಿಗೆ ಭಯ. ಅಲ್ಲಿ ನಿಜವಾಗಿ ಏನು ಕೆಲಸ? ಸೇರಬಹುದಾ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ಸೇರಬಹುದು. ಆದರೆ ಸಂಬಳದ ಅಂಕಿ ಒಂದನ್ನೇ ನೋಡಿ ಸೇರಬೇಡಿ. ಅವರು ದುಡ್ಡು ಕೊಡುವುದು ನಿಮ್ಮ ಡಿಗ್ರಿಗಿಂತ ಜಾಸ್ತಿ ನಿಮ್ಮ ಸಮಯಕ್ಕೆ. ಹಬ್ಬ, ತಂಗಿಯ ಮದುವೆ, ರಾತ್ರಿಯ ನಿದ್ದೆ ಎಲ್ಲವೂ ಆ ಲೆಕ್ಕದಲ್ಲಿ ಸೇರಿದೆ.

ಯಾಕೆ ಅಂದರೆ, ಬಾವಿ ನಿಮ್ಮ ಕಂಪನಿಯದ್ದಲ್ಲ. ಅದು ಓಎನ್‌ಜಿಸಿಯದ್ದು, ಆಯಿಲ್ ಇಂಡಿಯಾದ್ದು, ರಾಜಸ್ಥಾನದ ಬಾರ್ಮೇರ್ ಕಡೆಯಾದರೆ ಕೇರ್ನ್‌ದು. ತೋಟದವರು ಬೋರ್‌ವೆಲ್ ಲಾರಿ ಕರೆಸುವ ಹಾಗೆ ಅವರು ನಿಮ್ಮನ್ನು ಕರೆಸುತ್ತಾರೆ. ಬಾವಿಯನ್ನು ಬೇಕಾದ ದಿಕ್ಕಿಗೆ ತಿರುಗಿಸಿ ಕೊರೆಯುವುದು, ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ (ಡ್ರಿಲ್ಲಿಂಗ್ ಮಡ್) ನೋಡಿಕೊಳ್ಳುವುದು, ಬಾವಿಗೆ ಇಳಿಸಿದ ಉಕ್ಕಿನ ಕೊಳವೆಯ (ಕೇಸಿಂಗ್) ಸುತ್ತ ಸಿಮೆಂಟ್ ತುಂಬುವುದು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ತಂಡ. ಎಸ್‌ಎಲ್‌ಬಿ, ಹ್ಯಾಲಿಬರ್ಟನ್, ಬೇಕರ್ ಹ್ಯೂಸ್, ವೆದರ್‌ಫೋರ್ಡ್ ಎಲ್ಲ ಇದೇ ವ್ಯಾಪಾರದವರು. ಬಾವಿಯೊಳಗೆ ಕೇಬಲ್‌ನಲ್ಲಿ ಉಪಕರಣ ಇಳಿಸಿ ಕಲ್ಲಿನ ಪದರ ಅಳೆಯುವ ಕೆಲಸವೂ ಇದೆ, ವೈರ್‌ಲೈನ್ ಅಂತಾರೆ. 1927ರಲ್ಲಿ ಫ್ರಾನ್ಸಿನಲ್ಲಿ ಶ್ಲಂಬರ್ಜೆ ಸಹೋದರರ ತಂಡ ಮೊದಲ ಸಲ ಹೀಗೆ ಅಳೆಯಿತು, ಇವತ್ತಿನ ಎಸ್‌ಎಲ್‌ಬಿ ಅದೇ ಕಂಪನಿ. ನೀವು ಯಾವ ವಿಭಾಗಕ್ಕೆ ಹೋಗುತ್ತೀರಿ ಅಂತ ಈಗಲೇ ಕೇಳಿಕೊಳ್ಳಿ. ಜೀವನ ಹೇಗಿರುತ್ತದೆ ಅನ್ನುವುದು ಬಹುಪಾಲು ಅದರ ಮೇಲೇ ನಿಂತಿದೆ.

ಬಾವಿ ಕೊರೆಯುವ ರಿಗ್‌ಗೆ ದಿನದ ಬಾಡಿಗೆ. ಅದು ಸುಮ್ನೆ ನಿಂತ ಒಂದೊಂದು ಗಂಟೆಗೂ ಬಾವಿಯವರಿಗೆ ನಷ್ಟ. ಹಾಗಾಗಿ ಕರೆ ಬಂದಾಗ ನೀವು ಅಲ್ಲಿರಬೇಕು, ರಾತ್ರಿ ಎರಡಾದರೂ ಸರಿ. ಅಷ್ಟು ಓಡಿ ಹೋದ ಮೇಲೆ ಪೈಪ್ ಒಳಗೆ ಸಿಕ್ಕಿಕೊಂಡಿದೆ, ಇನ್ನೂ ನಿಮ್ಮ ಸರದಿ ಬಂದಿಲ್ಲ ಅಂತ ಕಾಯಿಸುವುದೂ ಉಂಟು, ಒಂದು ದಿನ, ಎರಡು ದಿನ. ಈ ಕಾಯುವಿಕೆಯ ಬಗ್ಗೆ ಸಂದರ್ಶನದಲ್ಲಿ ಯಾರೂ ಹೇಳುವುದಿಲ್ಲ. ಹೊಸಬರು ಕೆಲಸಕ್ಕಿಂತ ಇದರಿಂದಲೇ ಜಾಸ್ತಿ ಸುಸ್ತಾಗುತ್ತಾರೆ.

ಮೊದಲ ವರ್ಷ ಟ್ರೈನಿಂಗ್ ಮತ್ತು ಕೈಕೆಲಸ. ಬಾವಿಯಿಂದ ಬಂದ ಉಪಕರಣದ ಕೆಸರು ತೊಳೆದು, ಬಿಚ್ಚಿ, ಸೋರದ ಹಾಗೆ ತಡೆಯುವ ರಬ್ಬರ್ ಬಳೆ (ಓ-ರಿಂಗ್) ಬದಲಿಸಿ, ಗ್ರೀಸ್ ಹಚ್ಚಿ ಮತ್ತೆ ಜೋಡಿಸಬೇಕು. ಎಂಜಿನಿಯರ್ ಆಗಿ ಇದೇನು ಅನ್ನಿಸಬಹುದು. ಆದರೆ ನಾಲ್ಕು ಸಾವಿರ ಮೀಟರ್ ಆಳದಲ್ಲಿ ಆ ಉಪಕರಣ ಕೈಕೊಟ್ಟರೆ ಮೇಲೆ ಉತ್ತರ ಹೇಳಬೇಕಾದವರು ನೀವು, ಅದಕ್ಕೇ ಪ್ರತಿ ರಿಂಗೂ ನಿಮ್ಮ ಕೈಯಿಂದಲೇ ಹೋಗಿರಬೇಕು. ಪರೀಕ್ಷೆಗಳೂ ಇರುತ್ತವೆ, ಪಾಸಾಗದವರನ್ನು ಮನೆಗೆ ಕಳಿಸುವುದೂ ಇದೆ. ದಾಟಿದರೆ ಇಪ್ಪತ್ತೈದು ದಾಟುವ ಮೊದಲೇ ಒಂದು ತಂಡದ ಜವಾಬ್ದಾರಿ ನಿಮ್ಮ ಮೇಲೆ ಬೀಳುತ್ತದೆ. ಆ ವಯಸ್ಸಿಗೆ ಅಷ್ಟು ನಂಬಿಕೆ ಇಡುವ ಉದ್ಯೋಗ ಬೇರೆ ಕಡೆ ಕಡಿಮೆ. ನಾನು ಈ ಕೆಲಸವನ್ನು ಇವತ್ತಿಗೂ ಗೌರವಿಸುವುದು ಇದಕ್ಕೇ.

ಕರ್ನಾಟಕದಲ್ಲಿ ತೈಲ ತೆಗೆಯುವ ಬಾವಿಗಳಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ, ಆ ಕಸುಬೇ ಬೇರೆ. ನಿಮ್ಮ ಊರು ಇನ್ನು ಗುಜರಾತಿನ ಮೆಹ್ಸಾಣಾ, ಅಂಕ್ಲೇಶ್ವರ, ಅಸ್ಸಾಮಿನ ದುಲಿಯಾಜಾನ್, ಆಂಧ್ರದ ರಾಜಮಂಡ್ರಿ, ಇಲ್ಲವೇ ಗಲ್ಫ್, ಆಫ್ರಿಕಾ. ಸಮುದ್ರದಲ್ಲಾದರೆ 14 ದಿನ ಕೆಲಸ 14 ದಿನ ರಜೆ, ಅಥವಾ 28ಕ್ಕೆ 28, ಇಂಥ ರೊಟೇಶನ್ ಸಿಗಬಹುದು. ಪಾಳಿ ಸಾಮಾನ್ಯವಾಗಿ 12 ಗಂಟೆ. ನೆಲದ ಮೇಲಿನ ಬೇಸ್‌ಗಳಲ್ಲಿ ಅಷ್ಟು ಖಚಿತವಾದ ರಜೆ ಇಲ್ಲದಿರಬಹುದು. ಆಫರ್ ಲೆಟರ್‌ನಲ್ಲಿ ಇದು ಬರೆದಿದೆಯಾ ನೋಡಿ. ಬಾಯಿಮಾತು ಸಾಲದು.

ಈಗ ಅಮ್ಮನ ಭಯ. ಅದು ಸುಳ್ಳಲ್ಲ. ಕೆಲವು ಬಾವಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲ ಬರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಹತ್ತಿರ ಹೋದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಅಪಾಯ ಇರುವುದು ಅಲ್ಲೇ. ಅದಕ್ಕೆ ಮೈಮೇಲೆ ಡಿಟೆಕ್ಟರ್ ಇರಬೇಕು. ಕಲ್ಲಿನ ಪದರ ಅಳೆಯುವ ಕೆಲಸಕ್ಕೆ, ಅಂದರೆ ಲಾಗಿಂಗ್‌ಗೆ, ಸೀಸಿಯಂ-137ರಂಥ ವಿಕಿರಣ ಮೂಲಗಳನ್ನು ಬಳಸುತ್ತಾರೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ನಿಯಮ ಇದೆ, ಮೈಗೆ ತಗುಲಿದ ವಿಕಿರಣ ಅಳೆಯುವ ಬ್ಯಾಡ್ಜ್ ಹಾಕಿಕೊಳ್ಳಬೇಕು. ಸಮುದ್ರಕ್ಕೆ ಹೋಗುವವರಿಗೆ ನೀರಿನಲ್ಲಿ ತಲೆಕೆಳಗಾದ ಹೆಲಿಕಾಪ್ಟರ್‌ನಿಂದ ಹೊರಬರುವ ತರಬೇತಿ ಕೊಡುತ್ತಾರೆ. ಇಷ್ಟೆಲ್ಲ ಇದ್ದರೂ ನಾನು ತುಂಬಾ ಹೆದರುವುದು ರಸ್ತೆಗೆ. ಉದ್ದ ಪಾಳಿ ಮುಗಿಸಿ ನಿದ್ದೆಗೆಟ್ಟವರು ವಾಪಸ್ ಬರುವಾಗ ಆಗುವ ಅಪಘಾತ ಈ ಉದ್ಯಮದಲ್ಲಿ ತುಂಬಾ ಜೀವ ತೆಗೆದಿದೆ. ಡ್ರೈವರ್ ತೂಕಡಿಸುತ್ತಿದ್ದರೆ ಗಾಡಿ ನಿಲ್ಲಿಸಿ ಅನ್ನಿ, ಯಾರು ಬೈದರೂ ಪರವಾಗಿಲ್ಲ. ರಿಗ್ ಮೇಲೂ ಅಷ್ಟೇ, ಏನೋ ಸರಿಯಿಲ್ಲ ಅನ್ನಿಸಿದರೆ ಕೆಲಸ ನಿಲ್ಲಿಸುವ ಅಧಿಕಾರ ಹೊಸಬರಿಗೂ ಇದೆ. ಏಪ್ರಿಲ್ 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್‌ನಲ್ಲಿ ಸ್ಫೋಟವಾಗಿ 11 ಜನ ಸತ್ತರು. ಅದಕ್ಕೆ ಮೊದಲು ಬಾವಿಯ ಒತ್ತಡದ ಪರೀಕ್ಷೆ ಸರಿಯಿಲ್ಲದಿದ್ದರೂ ಸರಿಯಿದೆ ಅಂದುಕೊಂಡು ಮುಂದುವರಿದಿದ್ದರು.

ಇನ್ನು ದುಡ್ಡು. ಮೂಲ ವೇತನ ಎಷ್ಟು, ಫೀಲ್ಡ್ ಬೋನಸ್ ಎಷ್ಟು ಅಂತ ಬಿಡಿಸಿ ಕೇಳಿ. ರಿಗ್ ನಿಂತರೆ ಬೋನಸ್ ನಿಲ್ಲುತ್ತದೆ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೇಲಿದ್ದ ಕಚ್ಚಾ ತೈಲದ ಬೆಲೆ 2016ರ ಶುರುವಿಗೆ 30ಕ್ಕಿಂತ ಕೆಳಗಿಳಿಯಿತು. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ ಒಂದು ದಿನ ಸೊನ್ನೆಗಿಂತ ಕೆಳಗೆ ಹೋಯಿತು. ಎರಡೂ ಸಲ ಸರ್ವಿಸ್ ಕಂಪನಿಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು, ಚೆನ್ನಾಗಿ ಕೆಲಸ ಮಾಡುವವರೂ ಅದರಲ್ಲಿದ್ದರು. ಬೋನಸ್ ನಂಬಿ ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ಬುಕ್ ಮಾಡಬೇಡಿ. ಕಂತು ಮೂಲ ವೇತನದಲ್ಲೇ ಕಟ್ಟುವ ಹಾಗಿರಲಿ. ಬಾಂಡ್ ಇದ್ದರೆ, ಟ್ರೈನಿಂಗ್‌ನಲ್ಲಿ ಫೇಲಾದರೂ ದುಡ್ಡು ಕಟ್ಟಬೇಕಾ ಅಂತ ಸಹಿ ಹಾಕುವ ಮೊದಲೇ ಓದಿ.

ಯಂತ್ರ ಮುಟ್ಟುವ ಆಸೆ ಇದ್ದು, ಮನೆಯಲ್ಲಿ ನೀವು ಪಕ್ಕದಲ್ಲೇ ಇರಬೇಕಾದ ಕಾಯಿಲೆ ಕಷ್ಟ ಇಲ್ಲದಿದ್ದರೆ, ಹೋಗಿ. ಮೂರ್ನಾಲ್ಕು ವರ್ಷ ಕೊಡಿ.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಓದಿದ್ದೇನೆ. ಹುಡುಗಿಯರಿಗೆ ಈ ಫೀಲ್ಡ್ ಕೆಲಸ ಆಗುತ್ತಾ ಸರ್?
– ಓದುಗರು, ಮಲ್ಲೇಶ್ವರ

ಉತ್ತರ: ಖಂಡಿತ ಆಗುತ್ತದೆ. ದೊಡ್ಡ ಕಂಪನಿಗಳಲ್ಲಿ ಮಹಿಳಾ ಫೀಲ್ಡ್ ಎಂಜಿನಿಯರ್‌ಗಳು ಇದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ ತೈಲ ಬಾವಿಯೂ ಗಣಿಯೇ, ಗಣಿಗಳಲ್ಲಿ ನೆಲದ ಮೇಲಿನ ಕೆಲಸಕ್ಕೆ ಮಹಿಳೆಯರ ಲಿಖಿತ ಒಪ್ಪಿಗೆ ಪಡೆದು ರಾತ್ರಿ ಪಾಳಿ ಕೊಡಲು 2019ರಲ್ಲಿ ಅವಕಾಶ ಆಯಿತು. ತೊಂದರೆ ಬರುವುದು ಹಳೆಯ ರಿಗ್‌ಗಳಲ್ಲಿ, ಬೇರೆ ಕೋಣೆ, ಬೇರೆ ಶೌಚಾಲಯ ಇಲ್ಲದ ಕಡೆ. ಇದನ್ನು ಸಂಕೋಚ ಇಲ್ಲದೆ ಎಚ್‌ಆರ್‌ಗೆ ಕೇಳಿ. ನಿಮ್ಮನ್ನು ಕಳಿಸುವ ಬೇಸ್‌ನಲ್ಲೇ ಕೆಲಸ ಮಾಡುತ್ತಿರುವ ಒಬ್ಬ ಮಹಿಳೆಯ ಜೊತೆ ಫೋನಿನಲ್ಲಿ ಮಾತಾಡಿಸಿ ಅನ್ನಿ. ಮಾತಾಡಿಸಲು ಹಿಂದೇಟು ಹಾಕಿದರೆ ಆ ಬೇಸ್ ಬೇಡ, ಬೇರೆ ಕಡೆ ಕೇಳಿ.